ವಿಮಾನದ ಸುಂಕವೂ ಮಂಡಕಳ್ಳಿಯ ಲೆಕ್ಕವೂ

ಈಚೆಗೆ ಪಕ್ಷದ ಕೆಲಸದ ಮೇಲೆ ನಾವು ಪಿರಿಯಾಪಟ್ಟಣಕ್ಕೆ ಹೋಗಿದ್ದಾಗ ದಿನಸಿ ಅಂಗಡಿಯ ಯಜಮಾನರೊಬ್ಬರು ನಮ್ಮನ್ನು ಕರೆದು ಕೂರಿಸಿ, ಗಲ್ಲಾ ಪೆಟ್ಟಿಗೆಯಿಂದ ಒಂದು ಕಾಗದವನ್ನು ತೆಗೆದು ಮುಂದಿಟ್ಟರು. ಅವರ ಮಗ ಗಲ್ಫ್ ದೇಶದಲ್ಲಿ ಕೆಲಸದಲ್ಲಿದ್ದಾನೆ. ಬೆಂಗಳೂರಿನಿಂದ ಅವನು ಹೊರಟ ವಿಮಾನದ ಚೀಟಿ ಅದು. ಮೇಲೆ ಪ್ರಯಾಣದರ ಎಂದು ಒಂದು ಮೊತ್ತ. ಅದರ ಕೆಳಗೆ ಬೇರೆ ಬೇರೆ ಹೆಸರಿನ ನಾಲ್ಕಾರು ಬಾಬುಗಳು. ಅವುಗಳಲ್ಲಿ ಯು.ಡಿ.ಎಫ್. ಎಂಬುದೊಂದು.

"ಮೇಷ್ಟ್ರೇ, ಇದು ಸರ್ಕಾರದ ಕಂದಾಯವೋ, ಕಂಪನಿಯ ಬಾಡಿಗೆಯೋ? ಕಂದಾಯವಾದರೆ ಖಜಾನೆಗೆ ಹೋಗಬೇಕು. ಬಾಡಿಗೆಯಾದರೆ ಮೇಲೆ ಕೊಟ್ಟದ್ದು ಯಾವುದಕ್ಕೆ?" ಎಂದು ಅವರು ಕೇಳಿದರು.

ಪ್ರಶ್ನೆ ಸಣ್ಣದಲ್ಲ. ನಾಲ್ಕು ಕಾಸಿನ ಲೆಕ್ಕವನ್ನು ರಾತ್ರಿ ದೀಪದಡಿಯಲ್ಲಿ ಕೂತು ಸರಿತೂಗಿಸುವ ವರ್ತಕನಿಗೆ ಮಾತ್ರವೇ ಹೊಳೆಯುವಂಥ ಪ್ರಶ್ನೆ. ಆ ಹೊತ್ತಿಗೆ ತಿಳಿದಷ್ಟನ್ನು ಹೇಳಿ ಬಂದೆವು. ಬಂದಮೇಲೆ ವಿಚಾರಿಸಿದಷ್ಟೂ ಇದು ವಿಮಾನ ಹತ್ತುವವರ ಸಂಗತಿ ಮಾತ್ರವಲ್ಲವೆಂದು ನಮಗೆ ಮನವರಿಕೆಯಾಯಿತು. ಆದುದರಿಂದ ಈ ವಾರದ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಕೆಲವರು ಕೇಳಬಹುದು: ಹುಣಸೂರಿನ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬೇಯುವವನಿಗೆ, ಕೃಷ್ಣರಾಜನಗರದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೆ, ಹೆಗ್ಗಡದೇವನಕೋಟೆಯಿಂದ ಕೊಡಗಿನ ತೋಟಕ್ಕೆ ಕೂಲಿಗೆ ಹೋಗುವವಳಿಗೆ ವಿಮಾನದ ಗೊಡವೆ ಏಕೆ? ಸಮಾಜವಾದಿಗಳು ಬಸ್ಸಿನ ಮಾತನ್ನಾಡಬೇಕಲ್ಲದೆ ಆಕಾಶದ ಮಾತೇಕೆ? ಉತ್ತರ ಸುಲಭವಾಗಿದೆ. ವಿಮಾನ ಹಾರುವುದು ಆಕಾಶದಲ್ಲಿ, ಆದರೆ ಇಳಿಯುವುದು ರೈತನ ನೆಲದ ಮೇಲೆ. ಅದರ ಶಬ್ದ ಬೀಳುವುದು ಹಳ್ಳಿಯ ಮಾಡಿನ ಮೇಲೆ. ಅದರ ಖರ್ಚನ್ನು ಹತ್ತಿದವನು ಕೊಡದಿದ್ದರೆ, ಎಂದೂ ಹತ್ತದವನು ಬೆಂಕಿಪೆಟ್ಟಿಗೆಯ ಮೇಲೆ ತೆರುವ ತೆರಿಗೆಯಿಂದ ಕೊಡಬೇಕಾಗುತ್ತದೆ. ಮೂರನೆಯ ದಾರಿಯಿಲ್ಲ.

ಮೊದಲು ಯಜಮಾನರ ಪ್ರಶ್ನೆಗೆ ಉತ್ತರ. ಯು.ಡಿ.ಎಫ್. ಎಂದರೆ ಬಳಕೆದಾರರ ಅಭಿವೃದ್ಧಿ ಶುಲ್ಕ. 1937ರ ವಿಮಾನ ನಿಯಮಗಳ 89ನೆಯ ನಿಯಮದಂತೆ ಇದರ ವಸೂಲಿ. ವಿಮಾನದ ಕಂಪನಿಯು ಚೀಟಿಯ ಜೊತೆಯಲ್ಲಿ ವಸೂಲು ಮಾಡಿ ವಿಮಾನ ನಿಲ್ದಾಣ ನಡೆಸುವವರಿಗೆ ಒಪ್ಪಿಸುತ್ತದೆ. ಸರ್ಕಾರದ ಖಜಾನೆಯನ್ನು ಅದು ಮುಟ್ಟುವುದಿಲ್ಲ. ಹಾಗಾದರೆ ಕಂದಾಯವಲ್ಲ. ಆದರೆ ಕೊಡುವುದಿಲ್ಲವೆಂದು ಹೇಳುವ ಹಕ್ಕು ಪ್ರಯಾಣಿಕನಿಗಿಲ್ಲ, ಎದುರಿನ ಅಂಗಡಿಗೆ ಹೋಗುತ್ತೇನೆನ್ನಲು ಎದುರಿಗೆ ಇನ್ನೊಂದು ವಿಮಾನ ನಿಲ್ದಾಣವೂ ಇಲ್ಲ. ಹಾಗಾದರೆ ಬಾಡಿಗೆಯೂ ಅಲ್ಲ. ಕಂದಾಯದ ಬಲವುಳ್ಳ, ಬಾಡಿಗೆಯ ವೇಷ ತೊಟ್ಟ ಹಣ ಇದು. ಇಂಥ ಹಣಕ್ಕೆ ಲೆಕ್ಕ ಕೇಳುವುದು ಹೆಚ್ಚು ಅಗತ್ಯ.

ದರವನ್ನು ಗೊತ್ತುಮಾಡುವವರು ಯಾರು? ದೊಡ್ಡ ನಿಲ್ದಾಣಗಳಿಗೆ, ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. 2008ರ ಕಾನೂನಿನಂತೆ 2009ರಲ್ಲಿ ಇದು ಸ್ಥಾಪನೆಯಾಯಿತು. ಮೊದಲು ವರ್ಷಕ್ಕೆ 15 ಲಕ್ಷ ಪ್ರಯಾಣಿಕರಿದ್ದ ನಿಲ್ದಾಣ ದೊಡ್ಡದೆನಿಸುತ್ತಿತ್ತು. 2019ರ ತಿದ್ದುಪಡಿಯಿಂದ ಆ ಗಡಿ 35 ಲಕ್ಷಕ್ಕೆ ಏರಿತು. ನಮ್ಮ ಮಂಡಕಳ್ಳಿ ಆ ಗಡಿಯ ಹತ್ತಿರವೂ ಇಲ್ಲ. ಅಂಥ ಸಣ್ಣ ನಿಲ್ದಾಣದ ಶುಲ್ಕವನ್ನು ನಿಗದಿ ಮಾಡುವ ಅಧಿಕಾರ ಕೇಂದ್ರ ಸರ್ಕಾರದ್ದೇ.

ದರ ಕಟ್ಟುವ ಬಗೆಯನ್ನೂ ವರ್ತಕ ಬಂಧುಗಳು ತಿಳಿಯಬೇಕು. ಐದು ವರ್ಷಕ್ಕೊಮ್ಮೆ ಲೆಕ್ಕ. ನಿಲ್ದಾಣದಲ್ಲಿ ಹೂಡಿದ ಬಂಡವಾಳ ಎಷ್ಟು, ಅದರ ಮೇಲೆ ನ್ಯಾಯವಾದ ಲಾಭ ಎಷ್ಟು, ಸವಕಳಿ ಎಷ್ಟು, ನಡೆಸುವ ಖರ್ಚು ಎಷ್ಟು, ತೆರಿಗೆ ಎಷ್ಟು ಎಂದು ಕೂಡುತ್ತಾರೆ. ಬಂದ ಮೊತ್ತವನ್ನು ವಿಮಾನಗಳ ಮೇಲೆಯೂ ಪ್ರಯಾಣಿಕರ ತಲೆಯ ಮೇಲೆಯೂ ಹಂಚುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಿಲ್ದಾಣದೊಳಗೆ ಅಂಗಡಿ ಮಳಿಗೆಗಳ ಬಾಡಿಗೆ ಬರುತ್ತದೆ, ಹೋಟೆಲಿನಿಂದ ಬರುತ್ತದೆ, ಕಾರು ನಿಲ್ಲಿಸುವುದರಿಂದ ಬರುತ್ತದೆ, ಜಾಹೀರಾತಿನಿಂದ ಬರುತ್ತದೆ. ಈ ವರಮಾನವನ್ನೆಲ್ಲ ಖರ್ಚಿಗೆ ವಜಾ ಮಾಡಿದರೆ ಪ್ರಯಾಣಿಕನ ಹೊರೆ ಬಹಳಷ್ಟು ಇಳಿಯುತ್ತದೆ. ಆದರೆ 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯು, ಇಂಥ ವರಮಾನದಲ್ಲಿ ನೂರಕ್ಕೆ 30 ಪಾಲನ್ನು ಮಾತ್ರ ವಜಾ ಮಾಡಬೇಕೆಂದು ಗೊತ್ತುಮಾಡಿತು. ಉಳಿದ 70 ನಡೆಸುವವರ ಪಾಲು. ಪ್ರಯಾಣಿಕ ಬರುವುದರಿಂದಲೇ ಮಳಿಗೆಗೆ ಬೆಲೆ, ಮಳಿಗೆಯ ಬಾಡಿಗೆಯಲ್ಲಿ ಮಾತ್ರ ಅವನಿಗೆ ಮೂರು ಪಾಲು, ಒಡೆಯನಿಗೆ ಏಳು ಪಾಲು. ವಾರಕ್ಕೆ ಅರ್ಧ ಎಂದು ಗದ್ದೆ ಮಾಡಿದ ನಮ್ಮ ಹಿರಿಯರು ಕೂಡ ಇದಕ್ಕಿಂತ ಉತ್ತಮ ಕರಾರಿನಲ್ಲಿದ್ದರು.

ಈಗ ಬೆಂಗಳೂರಿನ ಕಥೆ. ದೇವನಹಳ್ಳಿಯ ಹತ್ತಿರದ ವಿಮಾನ ನಿಲ್ದಾಣ 2008ರ ಮೇ 24ರಂದು ಬಳಕೆಗೆ ಬಂತು. ಅದಕ್ಕೆ ಸುಮಾರು 4,000 ಎಕರೆ ನೆಲವನ್ನು ರಾಜ್ಯದ ಕೈಗಾರಿಕಾ ಸಂಸ್ಥೆಯ ಮೂಲಕ ಗುತ್ತಿಗೆ ಕೊಟ್ಟದ್ದು ಕರ್ನಾಟಕದ ಜನತೆ. 350 ಕೋಟಿ ರೂ.ಗಳನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟದ್ದೂ ಕರ್ನಾಟಕದ ಖಜಾನೆಯೇ. ಹೊಗೆಸೊಪ್ಪಿನ ಬೆಳೆಗಾರನಿಗೆ ಬಡ್ಡಿಯಿಲ್ಲದೆ ಮೂರು ಕಾಸು ಹುಟ್ಟುವುದು ಎಷ್ಟು ಕಷ್ಟವೆಂಬುದು ವಾಚಕರಿಗೆ ಗೊತ್ತಿದೆ. ಇಷ್ಟಾಗಿ ಕಂಪನಿಯಲ್ಲಿ ರಾಜ್ಯದ ಸಂಸ್ಥೆಗೆ ನೂರಕ್ಕೆ 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ 13, ಒಟ್ಟು 26 ಪಾಲು. ಉಳಿದ 74 ಖಾಸಗಿಯವರದು. ಕೇಂದ್ರಕ್ಕೆ ಸಲ್ಲಬೇಕಾದ ಪಾಲು ವರಮಾನದ ನೂರಕ್ಕೆ 4. ಅದನ್ನೂ ಮೊದಲ ಹತ್ತು ವರ್ಷ ಮುಂದಕ್ಕೆ ಹಾಕಲು ಒಪ್ಪಂದ ಅವಕಾಶ ಕೊಟ್ಟಿತು.

ಆರಂಭದ ವರ್ಷವೇ, 2008ರಲ್ಲಿ, ಪರದೇಶಕ್ಕೆ ಹೋಗುವ ಪ್ರಯಾಣಿಕನ ಮೇಲೆ 1,070 ರೂ. ಶುಲ್ಕ ಬಿತ್ತು. 2009ರ ಜನವರಿಯಲ್ಲಿ ಒಳನಾಡಿನ ಪ್ರಯಾಣಿಕನ ಮೇಲೆ 260 ರೂ. ಬಿತ್ತು. ಮುಂದೆ ದರ ಇಳಿದದ್ದೂ ಉಂಟು. ಆದರೆ 2019ರಲ್ಲಿ ನಡೆದುದನ್ನು ಗಮನಿಸಿರಿ. ವಿಸ್ತರಣೆಯ ಕಾಮಗಾರಿಗೆ ನಗದಿನ ಕೊರತೆ ಬೀಳುತ್ತದೆಂಬ ಕಾರಣದ ಮೇಲೆ, ಆ ವರ್ಷದ ಏಪ್ರಿಲ್ 16ರಿಂದ ಆಗಸ್ಟ್ 15ರವರೆಗೆ ನಾಲ್ಕು ತಿಂಗಳು, ಒಳನಾಡಿನ ಶುಲ್ಕ 139 ರೂ.ಗಳಿಂದ 306 ರೂ.ಗಳಿಗೂ ಪರದೇಶದ ಶುಲ್ಕ 558 ರೂ.ಗಳಿಂದ 1,226 ರೂ.ಗಳಿಗೂ ಏರಿತು. ಎರಡು ಪಟ್ಟಿಗೂ ಮೀರಿದ ಏರಿಕೆ. ಆ ವಿಸ್ತರಣೆಯ ದೊಡ್ಡ ಭಾಗವಾದ ಎರಡನೆಯ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದ ಮಾತು ಕೇಳಿದ್ದೆವು. ಇಲ್ಲಿ ಕುಲಾವಿಯ ದುಡ್ಡನ್ನು ದಾರಿಹೋಕನಿಂದ ವಸೂಲು ಮಾಡಿದರು.

ಇದರಲ್ಲಿ ಅನ್ಯಾಯವೇನು ಎಂದು ಬಂಡವಾಳಗಾರರ ಪರವಾಗಿ ವಾದಿಸುವವರು ಕೇಳುತ್ತಾರೆ. ಮುಂಗಡ ಹಣ ಬಂದರೆ ಸಾಲ ಕಡಿಮೆಯಾಗುತ್ತದೆ, ಸಾಲ ಕಡಿಮೆಯಾದರೆ ಬಡ್ಡಿ ಉಳಿಯುತ್ತದೆ, ಬಡ್ಡಿ ಉಳಿದರೆ ನಾಳಿನ ಶುಲ್ಕ ಇಳಿಯುತ್ತದೆ ಎಂಬುದು ಅವರ ವಾದ. ವಾದದಲ್ಲಿ ತಿರುಳಿಲ್ಲದೆ ಇಲ್ಲ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅಂಗಡಿಗೆ ಬಂಡವಾಳ ಹಾಕಿದವನನ್ನು ಪಾಲುಗಾರನೆನ್ನುತ್ತೇವೆ, ಲಾಭದಲ್ಲಿ ಅವನಿಗೆ ಹಕ್ಕಿದೆ. ಕಟ್ಟಡಕ್ಕೆ ಮುಂಗಡ ಕೊಟ್ಟ ಪ್ರಯಾಣಿಕ ಮಾತ್ರ ಏನೂ ಅಲ್ಲ. ಅವನಿಗೆ ಷೇರೂ ಇಲ್ಲ, ಪತ್ರವೂ ಇಲ್ಲ, ಮಾತಾಡುವ ಜಾಗವೂ ಇಲ್ಲ. ಹಣ ಸಮಾಜದ್ದು, ಸ್ವತ್ತು ಖಾಸಗಿಯವರದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ನ್ಯಾಯಾಲಯವು ಇಂಥ ಹಣದ ಸ್ವರೂಪವನ್ನು ಗುರುತಿಸಿದೆ. ದೆಹಲಿಯಲ್ಲಿ 2009ರ ಮಾರ್ಚಿಯಿಂದ ಒಳನಾಡಿನವರಿಗೆ 200 ರೂ., ಪರದೇಶದವರಿಗೆ 1,300 ರೂ.; ಮುಂಬಯಿಯಲ್ಲಿ ಏಪ್ರಿಲಿನಿಂದ 100 ಮತ್ತು 600 ರೂ. ಎಂದು 'ಅಭಿವೃದ್ಧಿ ಶುಲ್ಕ' ಎಂಬ ಇನ್ನೊಂದು ವಸೂಲಿ ಹೊರಟಿತ್ತು. ಸಚಿವಾಲಯದ ಒಂದೊಂದು ಪತ್ರವೇ ಅದಕ್ಕೆ ಆಧಾರ. ಬಳಕೆದಾರರ ಸಂಘಟನೆಯೊಂದು ದಾವೆ ಹೂಡಿತು. 2011ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಇದು ಸೇವೆಗೆ ಕೊಡುವ ಬೆಲೆಯಲ್ಲ, ಗೊತ್ತಾದ ಉದ್ದೇಶಕ್ಕೆ ಹಾಕುವ ಕರದ ಜಾತಿಯದು, ಕಾನೂನಿನ ಕ್ರಮದಲ್ಲಿ ದರ ನಿರ್ಣಯವಾಗದೆ ವಸೂಲು ಮಾಡಕೂಡದು ಎಂದಿತು. ವಸೂಲಾದ ಹಣದ ಲೆಕ್ಕವನ್ನು ಒಪ್ಪಿಸಬೇಕೆಂದೂ ವಿಧಿಸಿತು. ನಾಲ್ಕು ಜನ ಕೂಡಿ ಲೆಕ್ಕ ಕೇಳಿದರೆ ದೆಹಲಿಯ ಪತ್ರವೂ ನಿಲ್ಲುವುದಿಲ್ಲವೆಂಬ ಪಾಠ ಇದರಲ್ಲಿದೆ.

ಹಾಗೆಂದು ಶುಲ್ಕವೇ ಬೇಡವೆಂದು ನಾವು ಹೇಳುತ್ತೇವೆಯೇ? ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ವಿಮಾನ ಹತ್ತುವವರ ಚಪ್ಪಾಳೆಗಾಗಿ 'ಶುಲ್ಕ ರದ್ದಾಗಲಿ' ಎಂದು ಕೂಗುವುದು ಸುಲಭ. ರದ್ದಾದರೆ ಖರ್ಚು ಎಲ್ಲಿಂದ? ಶಿವಮೊಗ್ಗದ ಸೋಗಾನೆಯಲ್ಲಿ ರಾಜ್ಯ ಸರ್ಕಾರವೇ ಸುಮಾರು 450 ಕೋಟಿ ರೂ. ಖರ್ಚು ಮಾಡಿ ವಿಮಾನ ನಿಲ್ದಾಣ ಕಟ್ಟಿತು. 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದು ಸಾರ್ವಜನಿಕ ಸ್ವತ್ತಾಗಿ ಉಳಿದಿರುವುದು ಸಂತೋಷವೇ. ಆದರೆ ಆ ಹಣದಲ್ಲಿ ವಿಮಾನವನ್ನು ಕತ್ತೆತ್ತಿ ಮಾತ್ರ ನೋಡಿರುವ ಹಾಡಿಯ ಮನುಷ್ಯನ ಪಾಲೂ ಇದೆ. 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದುನಿಂತು, ಈ ದೇಶದ ಬಡವನ ದಿನದ ವರಮಾನ ಮೂರಾಣೆ ಎಂದು ಸರ್ಕಾರವನ್ನು ಅಲ್ಲಾಡಿಸಿದರು. ಮೂರಾಣೆಯವನ ಜೇಬಿನಿಂದ ತೆಗೆದು ಮೂವತ್ತು ಸಾವಿರದವನಿಗೆ ಓಡುದಾರಿ ಹಾಸುವುದು ಸಮಾಜವಾದವಲ್ಲ. ಹತ್ತುವವನೇ ಕೊಡಬೇಕೆಂಬ ತತ್ತ್ವ ನ್ಯಾಯವಾದದ್ದು. ಕೊಟ್ಟದ್ದು ಯಾರ ಕೈಗೆ ಹೋಯಿತು, ಯಾವುದಕ್ಕೆ ಹೋಯಿತು, ಯಾರಿಗೆ ಏನು ಸಿಕ್ಕಿತು ಎಂಬುದು ನಮ್ಮ ತಕರಾರು.

ನಮ್ಮ ಸಾರಿಗೆ ಬಸ್ಸನ್ನೇ ನೋಡಿರಿ. 2024ರ ಜನವರಿಯಿಂದ 50 ರೂ.ಗಳಿಂದ 99 ರೂ.ಗಳವರೆಗಿನ ಟಿಕೆಟ್ಟಿಗೆ 1 ರೂ., 100 ರೂ. ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ 2 ರೂ. ಅಪಘಾತ ಪರಿಹಾರ ನಿಧಿಗೆ ಹೋಗುವಂತಾಯಿತು. ಅಪಘಾತದಲ್ಲಿ ತೀರಿಕೊಂಡವರ ಕುಟುಂಬಕ್ಕೆ ಕೊಡುವ ಪರಿಹಾರ 3 ಲಕ್ಷದಿಂದ 10 ಲಕ್ಷಕ್ಕೆ ಏರಿತು. ರೂಪಾಯಿ ಏತಕ್ಕೆ ಹೋಗುತ್ತದೆಂಬುದು ಕಂಡಕ್ಟರಿಗೆ ಗೊತ್ತು, ಕೇಳಿದ ಪ್ರಯಾಣಿಕನಿಗೂ ಗೊತ್ತಾಗುತ್ತದೆ. ಒಂದು ರೂಪಾಯಿಗೆ ಹೀಗೆ ಹೆಸರಿಡಬಹುದಾದರೆ ಸಾವಿರದ ಚಿಲ್ಲರೆಗೆ ಏಕೆ ಇಡಬಾರದು?

ಇನ್ನು ಶಬ್ದದ ಮಾತು. ವಿಮಾನ ನಿಲ್ದಾಣ ಪ್ರಾಧಿಕಾರದ 1994ರ ಕಾನೂನಿನ 22ಎ ಕಲಮು ಅಭಿವೃದ್ಧಿ ಶುಲ್ಕಕ್ಕೆ ಮೂರು ಉದ್ದೇಶಗಳನ್ನು ಹೇಳುತ್ತದೆ. ನಿಲ್ದಾಣವನ್ನು ಉತ್ತಮಪಡಿಸುವುದು ಇಲ್ಲವೆ ವಿಸ್ತರಿಸುವುದು ಒಂದು. ಹಳೆಯದರ ಬದಲಿಗೆ ಹೊಸದನ್ನು ಕಟ್ಟುವುದು ಎರಡು. ಖಾಸಗಿಯವರ ಜೊತೆ ಪಾಲು ಬಂಡವಾಳ ಹಾಕುವುದು ಮೂರು. ನೆರೆಯ ಊರಿನವರ ಕಿವಿಯ ಸುದ್ದಿಯೇ ಅಲ್ಲಿಲ್ಲ. 2018ರ ಜೂನ್ ತಿಂಗಳಲ್ಲಿ ಕೇಂದ್ರದ ಪರಿಸರ ಸಚಿವಾಲಯವು ವಿಮಾನ ನಿಲ್ದಾಣದ ಸುತ್ತಲ ಶಬ್ದಕ್ಕೆ ಮಿತಿ ಹಾಕಿತು. ವರ್ಷಕ್ಕೆ 50,000ಕ್ಕೂ ಹೆಚ್ಚು ಹಾರಾಟವಿರುವಲ್ಲಿ ಹಗಲು 70 ಡೆಸಿಬೆಲ್, ರಾತ್ರಿ 65. ಉಳಿದೆಡೆ ಹಗಲು 65, ರಾತ್ರಿ 60. ಡೆಸಿಬೆಲ್ ಎಂಬುದು ಸೇರು ಪಾವಿನಂತೆ ಸರಳ ಅಳತೆಯಲ್ಲ. ಹತ್ತು ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ. ಮಿತಿಯೇನೋ ಬಂತು. ಶಬ್ದದಿಂದ ಕೆಟ್ಟ ಶಾಲೆಗೆ ಚಾವಣಿ ಹಾಕಿಸುವ ಹಣ ಯಾವ ಬಾಬಿನಿಂದ ಬರಬೇಕು? ಪ್ರಯಾಣಿಕನ ಶುಲ್ಕದಲ್ಲಿ ಇಷ್ಟು ಪಾಲು ಇದಕ್ಕೆ ಎಂದು ಯಾವ ಕಾನೂನೂ ಎತ್ತಿಟ್ಟಿಲ್ಲ.

ಅಮೆರಿಕವು ಬಂಡವಾಳಗಾರರ ದೇಶವೆಂದು ಹೆಸರಾದದ್ದು. ಅಲ್ಲಿ 1990ರ ಕಾನೂನೊಂದು ವಿಮಾನ ಪ್ರಯಾಣಿಕರಿಂದ ಸೌಲಭ್ಯ ಶುಲ್ಕ ವಸೂಲು ಮಾಡಲು ಅನುಮತಿ ಕೊಟ್ಟಿತು. ಮೊದಲು ಗರಿಷ್ಠ 3 ಡಾಲರು, 2000ದ ಕಾನೂನಿನಿಂದ ನಾಲ್ಕೂವರೆ ಡಾಲರು. ಯಾವ ಯಾವ ಕೆಲಸಕ್ಕೆ ಖರ್ಚಾಗಬೇಕೆಂದು ಕಾನೂನೇ ಹೇಳುತ್ತದೆ: ಸುರಕ್ಷತೆ, ಭದ್ರತೆ, ನಿಲ್ದಾಣದ ಸಾಮರ್ಥ್ಯ ಹೆಚ್ಚಿಸುವುದು, ವಿಮಾನ ಕಂಪನಿಗಳ ನಡುವೆ ಪೈಪೋಟಿ ಬೆಳೆಸುವುದು, ಮತ್ತು ಶಬ್ದವನ್ನು ತಗ್ಗಿಸುವುದು. ಈ ಕಾಮಗಾರಿಗೆ ಇಷ್ಟು ಹಣ, ಇಷ್ಟು ಕಾಲ ಎಂದು ಮೊದಲೇ ಮಂಜೂರಾತಿ ಪಡೆಯಬೇಕು. ಹಣ ಕೂಡಿದ ಮೇಲೆ ಆ ವಸೂಲಿ ಮುಗಿಯಬೇಕು. ಅಷ್ಟೇ ಅಲ್ಲ, ಈ ಶುಲ್ಕ ಹಾಕುವ ಅಧಿಕಾರವಿರುವುದು ಸಾರ್ವಜನಿಕ ಸಂಸ್ಥೆಗಳಿಗೆ. ಏಕೆಂದರೆ ಆ ದೇಶದ ದೊಡ್ಡ ವಿಮಾನ ನಿಲ್ದಾಣಗಳು ಬಹುಪಾಲು ನಗರಸಭೆಗಳ, ಜಿಲ್ಲಾಡಳಿತಗಳ, ಪ್ರಾಧಿಕಾರಗಳ ಸ್ವತ್ತು! ಚಿಕಾಗೋ ನಗರದ ಓಹೇರ್ ನಿಲ್ದಾಣದ ಸುತ್ತ, ಈ ಶುಲ್ಕದ ಹಣವೂ ಸೇರಿದ ನಿಧಿಯಿಂದ, ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಶಬ್ದ ತಡೆಯುವ ಕಿಟಕಿ ಬಾಗಿಲು ಹಾಕಿಸಿಕೊಟ್ಟಿದ್ದಾರೆ. ಫ್ರಾನ್ಸಿನಲ್ಲಿ ವಿಮಾನ ಎಷ್ಟು ಗದ್ದಲ ಮಾಡುತ್ತದೋ ಅದಕ್ಕೆ ತಕ್ಕಂತೆ ಕಂಪನಿಯಿಂದಲೇ ತೆರಿಗೆ ವಸೂಲು ಮಾಡಿ ನೆರೆಯ ಮನೆಗಳಿಗೆ ನೆರವು ಕೊಡುತ್ತಾರೆ.

ಅಲ್ಲಿ ಎಲ್ಲವೂ ಸ್ವರ್ಗವೆಂದು ನಾವು ಹೇಳುವುದಿಲ್ಲ. ಅವರ ಕಿಟಕಿ ನಮ್ಮ ಮನೆಗೆ ಹೊಂದುವುದೂ ಇಲ್ಲ. ಚಳಿಯ ದೇಶದವರು ಗಾಜು ಮುಚ್ಚಿ ಒಳಗೆ ಕೂರುತ್ತಾರೆ. ನಮ್ಮ ಹಂಚಿನ ಮನೆಯಲ್ಲಿ ಗಾಳಿಗೆಂದು ಬಾಗಿಲು ತೆರೆದೇ ಇರುತ್ತದೆ, ಬೇಸಗೆಯಲ್ಲಿ ಜಗಲಿಯ ಮೇಲೆ ಮಲಗುತ್ತೇವೆ. ಇಲ್ಲಿ ಬೇಕಾದದ್ದು ಬೇರೆ. ರಾತ್ರಿಯ ಹೊತ್ತು ಹಾರಾಟಕ್ಕೆ ಕಟ್ಟುಪಾಡು. ಶಾಲೆಗೂ ಆಸ್ಪತ್ರೆಗೂ ಗಟ್ಟಿ ಚಾವಣಿ. ವಿಮಾನ ಏರುವ ದಾರಿಯ ಕೆಳಗೆ ಹೊಸ ಬಡಾವಣೆಗಳಿಗೆ ಅನುಮತಿ ಕೊಡದಿರುವುದು. ಇಷ್ಟಕ್ಕೆ ಆಕಾಶ ಕಳಚಿ ಬೀಳುವಷ್ಟು ಹಣ ಬೇಕಿಲ್ಲ.

ನಾವು ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ತಗಡಿನ ಮಾಡಿನ ಕೋಣೆಯಲ್ಲಿ ಜೋರು ಮಳೆ ಹೊಡೆದಾಗ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಲ್ಲುವುದಲ್ಲದೆ ಬೇರೆ ಉಪಾಯವಿರುತ್ತಿರಲಿಲ್ಲ. ಮಳೆ ದೇವರದು, ಅದಕ್ಕೆ ಅರ್ಜಿ ಕೊಡಲಾಗದು. ವಿಮಾನ ದೇವರದಲ್ಲ.

ಈಗ ಮಂಡಕಳ್ಳಿಗೆ ಬರೋಣ. ಮೈಸೂರು ಸಂಸ್ಥಾನದ ಕಾಲದ ಆ ಇಳಿದಾಣವನ್ನು ಹೊಸದಾಗಿ ಕಟ್ಟಿ 2010ರ ಮೇ 15ರಂದು ತೆರೆದರು. ಬಂದ ಕಂಪನಿಗಳು ನಿಂತದ್ದು ಕಡಿಮೆ. 2010ರಲ್ಲಿ ಬಂದದ್ದು 2011ರಲ್ಲಿ ಹೋಯಿತು. 2013ರಲ್ಲಿ ಬಂದದ್ದು 2014ರಲ್ಲಿ ಹೋಯಿತು. 2017ರಲ್ಲಿ 'ಉಡಾನ್' ಯೋಜನೆಯಡಿ ಚೆನ್ನೈಗೆ ಮತ್ತೆ ವಿಮಾನ ಹೊರಟಿತು. ಈ ಉಡಾನ್ ಕೂಡ ಇನ್ನೊಬ್ಬರ ಚೀಟಿಯ ಹಣದಲ್ಲಿ ನಡೆಯುವ ಏರ್ಪಾಡು. 2016ರ ಕೊನೆಯಲ್ಲಿ ದೊಡ್ಡ ನಗರಗಳ ನಡುವಿನ ಒಂದೊಂದು ಹಾರಾಟದ ಮೇಲೆ 7,500 ರೂ.ಗಳಿಂದ 8,500 ರೂ.ಗಳವರೆಗೆ ಸುಂಕ ಹಾಕಿ, ಆ ನಿಧಿಯಿಂದ ಸಣ್ಣ ಊರಿನ ಹಾರಾಟದ ನಷ್ಟವನ್ನು ತುಂಬಿಕೊಡಲು ಹೊರಟರು. ನಷ್ಟ ತುಂಬುವುದರಲ್ಲಿ ನೂರಕ್ಕೆ 20 ರಾಜ್ಯದ ಪಾಲು. ದೊಡ್ಡ ನಗರದವನಿಂದ ತೆಗೆದು ಸಣ್ಣ ಊರಿಗೆ ಕೊಡುವುದು ನಮಗೆ ಒಪ್ಪಿಗೆಯ ಮಾತೇ. ಅದೇ ತತ್ತ್ವವನ್ನು ಸಣ್ಣ ಊರಿನಿಂದ ಅದರ ಪಕ್ಕದ ಹಳ್ಳಿಯವರೆಗೂ ಎಳೆಯಬೇಕೆಂಬುದೇ ನಮ್ಮ ವಾದ.

ಮಂಡಕಳ್ಳಿಯ ಓಡುದಾರಿ 1,740 ಮೀಟರು. ಇದರ ಮೇಲೆ ಎಪ್ಪತ್ತು ಚಿಲ್ಲರೆ ಜನ ಕೂರುವ, ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ವಿಮಾನ ಇಳಿಯುತ್ತದೆ. ನೂರೆಂಬತ್ತು ಜನ ಕೂರುವ ಜೆಟ್ ವಿಮಾನಗಳು ಬರಬೇಕೆಂದು ಇದನ್ನು 2,750 ಮೀಟರಿಗೆ ಬೆಳೆಸುವ ಯೋಜನೆ ಬಹುಕಾಲದಿಂದ ಇದೆ. ನಂಜನಗೂಡಿನ ಹೆದ್ದಾರಿಯೂ ರೈಲು ಹಳಿಯೂ ಅಡ್ಡ ಬರುತ್ತವೆ. ಸುತ್ತಲ ರೈತರ ಜಮೀನೂ ಬೇಕಾಗುತ್ತದೆ. ಬೆಂಗಳೂರಿನ ಒಪ್ಪಂದ ಇದಕ್ಕೆ ಅಡ್ಡಿ ಎಂದು ಕೆಲವರು ಹೇಳುವುದನ್ನು ಕೇಳಿದ್ದೇವೆ. ಅದು ಸರಿಯಲ್ಲ. 150 ಕಿಲೋಮೀಟರಿನೊಳಗೆ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣ 25 ವರ್ಷ ಬರಕೂಡದೆಂಬ ಆ ಕರಾರಿನಿಂದ ಮೈಸೂರನ್ನೂ ಹಾಸನವನ್ನೂ ಹೊರಗಿಟ್ಟಿದ್ದಾರೆ.

ಓಡುದಾರಿ ಬೆಳೆಯಲಿ. ನಾವು ವಿರೋಧಿಗಳಲ್ಲ. ಬೈಲುಕುಪ್ಪೆಗೆ ಬರುವ ಯಾತ್ರಿಕ, ಕಬಿನಿಯ ದಡದ ವಸತಿಗೃಹಕ್ಕೆ ಬರುವ ಅತಿಥಿ, ಗಲ್ಫಿನಿಂದ ಮರಳುವ ನಮ್ಮ ಪಿರಿಯಾಪಟ್ಟಣದ ಹುಡುಗ ಇವರೆಲ್ಲ ಮೈಸೂರಿನಲ್ಲೇ ಇಳಿದರೆ ನಾಲ್ಕು ತಾಲೂಕಿನ ಕಾರು ಚಾಲಕನಿಗೂ ಹಣ್ಣಿನ ಅಂಗಡಿಯವನಿಗೂ ನಾಲ್ಕು ಕಾಸು ಬರುತ್ತದೆ. ಆದರೆ ಓಡುದಾರಿ ಬೆಳೆದ ದಿನ ಎರಡು ಸಂಗತಿಗಳು ಒಟ್ಟಿಗೆ ಬರುತ್ತವೆ. ಜೆಟ್ಟಿನ ಶಬ್ದ ಒಂದು, ಹೊಸ ಖರ್ಚಿನ ಹೆಸರಿನಲ್ಲಿ ಏರುವ ಶುಲ್ಕ ಇನ್ನೊಂದು. ಶಬ್ದ ಮಂಡಕಳ್ಳಿ, ಮರಸೆಯ ಕಡೆಯವರಿಗೆ, ಹಣ ಇನ್ನಾರಿಗೋ ಎಂದಾಗಬಾರದು. ಈ ಮಾತನ್ನು ಅಂದು ಆಡಿದರೆ ತಡವಾಗುತ್ತದೆ, ಇಂದೇ ಆಡಬೇಕು.

ಇನ್ನೊಂದು ಭಯವನ್ನೂ ಮುಚ್ಚಿಡುವುದಿಲ್ಲ. ಮಂಡಕಳ್ಳಿ ಇನ್ನೂ ಸಾರ್ವಜನಿಕ ಪ್ರಾಧಿಕಾರದ ಸ್ವತ್ತು. ಮಂಗಳೂರಿನದೂ ಹಾಗೆಯೇ ಇತ್ತು. 2020ರ ಅಕ್ಟೋಬರ್ ಕೊನೆಯಲ್ಲಿ ಅದನ್ನು ಐವತ್ತು ವರ್ಷಕ್ಕೆ ಅದಾನಿ ಕಂಪನಿಗೆ ವಹಿಸಿದರು. ಒಳನಾಡಿನ ಒಬ್ಬ ಪ್ರಯಾಣಿಕನಿಗೆ 115 ರೂ.ನಂತೆ ಪ್ರಾಧಿಕಾರಕ್ಕೆ ಕೊಡುವುದು ಹರಾಜಿನ ಕರಾರು. ಖಜಾನೆಯ ಹಣದಲ್ಲಿ ನೆಲ ಕೊಂಡು, ಓಡುದಾರಿ ಹಾಸಿ, ಲಾಭ ಕಾಣುವ ಹೊತ್ತಿಗೆ ಬೀಗದ ಕೈ ಇನ್ನೊಬ್ಬರ ಕೈಗೆ ಹೋಗುವುದನ್ನು ಮೈಸೂರಿನವರು ಸುಮ್ಮನೆ ನೋಡಕೂಡದು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೊದಲನೆಯದಾಗಿ, ವಿಸ್ತರಣೆಯ ಹೆಸರಿನಲ್ಲಿ ಶುಲ್ಕ ಏರುವುದಾದರೆ ಯಾವ ಕಾಮಗಾರಿಗೆ, ಎಷ್ಟು ಹಣ, ಎಷ್ಟು ಕಾಲ ಎಂದು ಮೊದಲೇ ಪ್ರಕಟಿಸಬೇಕು, ಹಣ ಕೂಡಿದ ಮೇಲೆ ನಿಲ್ಲಿಸಬೇಕು. ಎರಡನೆಯದಾಗಿ, ವರ್ಷಕ್ಕೊಮ್ಮೆ ಜಮಾಖರ್ಚನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ನಿಲ್ದಾಣದ ಬಾಗಿಲಲ್ಲೂ ಪಂಚಾಯಿತಿ ಕಚೇರಿಯಲ್ಲೂ ಅಂಟಿಸಬೇಕು. ಮೂರನೆಯದಾಗಿ, ಪ್ರತಿ ಚೀಟಿಯಿಂದ ಗೊತ್ತಾದ ಪಾಲನ್ನು ನೆರೆಯ ಹಳ್ಳಿಗಳ ಶಾಲೆ, ಆಸ್ಪತ್ರೆ, ಮನೆಗಳಿಗೆ ಎತ್ತಿಡಬೇಕು, ಶಬ್ದವನ್ನು ಅಳೆದು ಅಂಕಿಗಳನ್ನು ತಿಂಗಳು ತಿಂಗಳು ಊರಿಗೆ ತಿಳಿಸಬೇಕು. ನಾಲ್ಕನೆಯದಾಗಿ, ಜಮೀನು ಕಳೆದುಕೊಂಡ ಮನೆಗೆ ಪರಿಹಾರವಲ್ಲದೆ ನಿಲ್ದಾಣದಲ್ಲಿ ಖಾಯಂ ಕೆಲಸವನ್ನೂ ಮಳಿಗೆಗಳಲ್ಲಿ ಪಾಲನ್ನೂ ಕೊಡಬೇಕು. ಐದನೆಯದಾಗಿ, ಜನರ ಹಣದಲ್ಲಿ ಬೆಳೆದ ನಿಲ್ದಾಣ ಜನರದಾಗಿಯೇ ಉಳಿಯಬೇಕು.

ಮೂರನೆಯ ಬೇಡಿಕೆಗೆ ಹಣ ಎಲ್ಲಿಂದ ಎಂದು ಕೇಳುವ ಅಧಿಕಾರಿಗಳಿಗೆ ನಾಲ್ಕನೆಯ ತರಗತಿಯ ಒಂದು ಲೆಕ್ಕ ಕೊಡುತ್ತೇವೆ. ವರ್ಷಕ್ಕೆ ಒಂದು ಲಕ್ಷ ಜನ ಹತ್ತುತ್ತಾರೆಂದು ಇಟ್ಟುಕೊಳ್ಳಿ. ತಲೆಗೆ 10 ರೂ. ಎತ್ತಿಟ್ಟರೆ 10 ಲಕ್ಷ ರೂ. ಆಯಿತು. ವಿಮಾನ ಹತ್ತುವವನಿಗೆ ಹತ್ತು ರೂಪಾಯಿ ಒಂದು ಲೋಟ ಚಹದ ಬೆಲೆಯೂ ಅಲ್ಲ, ನಿಲ್ದಾಣದೊಳಗಿನ ಚಹದ ಮಾತಂತೂ ಬೇಡ. ವರ್ಷಕ್ಕೊಂದು ಶಾಲೆಯ ಮಾಡು ಬದಲಾಯಿಸಿದರೂ ಐದು ವರ್ಷದಲ್ಲಿ ಐದು ಊರಿನ ಮಕ್ಕಳಿಗೆ ಮೇಷ್ಟರ ಮಾತು ಕೇಳಿಸುತ್ತದೆ.

ಕೇಳಿದರೆ ಸಿಗುತ್ತದೆಯೇ ಎಂದು ನಿರಾಶೆಪಡುವವರಿಗೆ ದೇವನಹಳ್ಳಿಯ ಇನ್ನೊಂದು ಮುಖವನ್ನು ತೋರಿಸುತ್ತೇವೆ. ಅದೇ ವಿಮಾನ ನಿಲ್ದಾಣದ ಆಚೆ, ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ವೈಮಾನಿಕ ಕೈಗಾರಿಕೆಗಳಿಗೆಂದು ವಶಪಡಿಸಿಕೊಳ್ಳಲು ಹೊರಟಿದ್ದರು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. ಕಾರ್ಮಿಕರು, ವಿದ್ಯಾರ್ಥಿಗಳು, ಸಾಹಿತಿಗಳು ಜೊತೆ ನಿಂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನವನ್ನು ಕೈಬಿಟ್ಟಿದ್ದೇವೆಂದು ಘೋಷಿಸಬೇಕಾಯಿತು. ಅದೇ ಮುಖ್ಯಮಂತ್ರಿಗಳು ನಮ್ಮ ಜಿಲ್ಲೆಯವರೇ. ನಮ್ಮ ನಾಲ್ಕು ತಾಲೂಕಿನವರಿಗೆ ಮುಳುಗಡೆಯ ನೆನಪು ಹೊಸದಲ್ಲ. ಕನ್ನಂಬಾಡಿಯ ಹಿನ್ನೀರು, ಕಬಿನಿಯ ಹಿನ್ನೀರು, ನಾಗರಹೊಳೆಯ ಕಾಡು ಪ್ರತಿಯೊಂದೂ ಯಾರದೋ ಅಭಿವೃದ್ಧಿಗೆ ನಮ್ಮವರು ಎದ್ದುಹೋದ ಕಥೆಯೇ. ಆಗ ಲೆಕ್ಕ ಕೇಳುವ ಅಭ್ಯಾಸ ನಮಗಿರಲಿಲ್ಲ. ಈಗಲಾದರೂ ಬರಬೇಕು.

ಹೊಳೆಗೆ ಸುರಿದರೂ ಅಳೆದು ಸುರಿ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಆಕಾಶಕ್ಕೆ ಸುರಿಯುವುದನ್ನೂ ಅಳೆದೇ ಸುರಿಯಬೇಕು.

ಪಿರಿಯಾಪಟ್ಟಣದ ಆ ಯಜಮಾನರಿಗೆ ನಮ್ಮದೊಂದು ಬಿನ್ನಹ. ಆ ಚೀಟಿಯನ್ನು ಬಿಸಾಡಬೇಡಿ, ಪೆಟ್ಟಿಗೆಯಲ್ಲೇ ಇಟ್ಟಿರಿ. ಮಗ ಊರಿಗೆ ಬಂದಾಗ ಅವನ ಗೆಳೆಯರ ಚೀಟಿಗಳನ್ನೂ ಕೂಡಿಸಿ ತನ್ನಿ. ಮಂಡಕಳ್ಳಿಯ ಕಡೆಯ ರೈತರ ಅರ್ಜಿಗಳನ್ನು ನಾವು ತರುತ್ತೇವೆ. ಕೊಟ್ಟವರೂ ಕಳೆದುಕೊಂಡವರೂ ಒಂದೇ ಸಾಲಿನಲ್ಲಿ ನಿಂತು ಕೇಳಿದರೆ, ಲೆಕ್ಕದ ಪುಸ್ತಕವನ್ನು ಎಷ್ಟು ಕಾಲ ಮುಚ್ಚಿಟ್ಟಾರು, ನೋಡೋಣ.